ಮಕ್ಕಳ ರಕ್ಷಣೆಯ ದಾಖಲೆಗಳನ್ನು ಶಾಲೆಗಳು ಎಷ್ಟು ಕಾಲ ಕಾದಿಡಬೇಕು?

ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ಐವತ್ತು ವರ್ಷಗಳ ಇತಿಹಾಸಕ್ಕೆ ಬೇಕಾದ ಸಾಮಗ್ರಿಯನ್ನು ಹುಡುಕಿ ಕೊಡುವ ಕೆಲಸವನ್ನು ಸಮಿತಿಯ ಮಿತ್ರರು ಈ ನಿವೃತ್ತ ಅಧ್ಯಾಪಕನಿಗೆ ವಹಿಸಿದ್ದರು. ಕಚೇರಿಯ ಮೂಲೆಯಲ್ಲಿದ್ದ ಕಬ್ಬಿಣದ ಕಪಾಟನ್ನು ತೆರೆದು ಒಂದು ವಾರ ಅದರ ಮುಂದೆ ಕುಳಿತೆ. ನಮ್ಮ ಕಾಸರಗೋಡಿನ ಮಳೆಗಾಲವನ್ನು ಬಲ್ಲವರಿಗೆ ಐವತ್ತು ಮಳೆಗಾಲ ಕಂಡ ಕಾಗದದ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಒರಲೆ ತಿಂದದ್ದು ತಿಂದು, ಬೂಷ್ಟು ಹಿಡಿದದ್ದು ಹಿಡಿದು, ಉಳಿದವುಗಳಲ್ಲಿ ದಾಖಲಾತಿ ಪುಸ್ತಕಗಳು ಮಾತ್ರ ಗಟ್ಟಿಯಾಗಿದ್ದವು. ಮೊದಲನೆಯ ಪುಸ್ತಕದ ರಟ್ಟಿನ ಮೇಲೆ ಈಗಲೂ ಕಣ್ಣಾನೂರು ಜಿಲ್ಲೆಯೆಂದೇ ಇದೆ. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು ತಾನೇ!

ಇತಿಹಾಸದ ಲೇಖನವನ್ನು ನನಗಿಂತ ಸಮರ್ಥರಾದವರು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಅದೇ ಕಪಾಟಿನಲ್ಲಿ ಹಾಜರಿ ಪುಸ್ತಕಗಳ ನಡುವೆ ಸಿಕ್ಕಿದ ಮೂರು ಕಾಗದಗಳ ವಿಚಾರ. ಒಂದು, ತನ್ನ ಮಗನನ್ನು ತಂದೆಯ ಜೊತೆಯಲ್ಲಿ ಕಳುಹಿಸಬಾರದೆಂದು ತಾಯಿಯೊಬ್ಬಳು ಬರೆದ ವಿನಂತಿ. ಇನ್ನೊಂದು, ಮಗುವೊಂದರ ಕೈಯ ಮೇಲಿದ್ದ ಸುಟ್ಟ ಗಾಯಗಳನ್ನು ಕಂಡು ಅಧ್ಯಾಪಿಕೆಯೊಬ್ಬರು ದಿನಾಂಕ ಸಹಿತ ಗುರುತಿಸಿಟ್ಟ ಅರ್ಧ ಪುಟ. ಮೂರನೆಯದನ್ನು ಕುರಿತು ಏನನ್ನೂ ಹೇಳುವುದಿಲ್ಲ. ಅದರಲ್ಲಿರುವುದು ಮಗುವಿನ ಸ್ವಂತ ಅಕ್ಷರ.

ಈ ಕಾಗದಗಳನ್ನು ಏನು ಮಾಡುವುದೆಂದು ಸಮಿತಿಯಲ್ಲಿ ಚರ್ಚೆಯಾಯಿತು. ಹಳೆಯ ಗಾಯವನ್ನು ಕೆದಕುವುದೇಕೆ, ಒಲೆಗೆ ಹಾಕಿ ಎಂದರು ಹಿರಿಯರೊಬ್ಬರು. ಸರಕಾರಿ ದಾಖಲೆ ಮುಟ್ಟಬಾರದು, ಇದ್ದಲ್ಲಿಯೇ ಇರಲಿ ಎಂದರು ಮತ್ತೊಬ್ಬರು. ಇಷ್ಟರಲ್ಲಿ ಉತ್ಸಾಹಿ ತರುಣನೊಬ್ಬ ಸಂಚಿಕೆಯ 'ಹಳೆಯ ನೆನಪುಗಳು' ಪುಟಕ್ಕಾಗಿ ಕಪಾಟಿನ ಎಲ್ಲ ಕಾಗದಗಳ ಜೊತೆಗೆ ಇವುಗಳ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದುಬಿಟ್ಟಿದ್ದ! ಅವನಿಗೆ ದುರುದ್ದೇಶವೇನೂ ಇರಲಿಲ್ಲ. ನನ್ನ ಎದುರಿನಲ್ಲೇ ಅಳಿಸಿದ. ಆದರೆ ಒಂದು ವಾಟ್ಸ್ಯಾಪ್ ಗುಂಪಿಗೆ ಹೋಗಿದ್ದರೆ ಅಳಿಸುವವರು ಯಾರು? ಸುಡಬೇಕು, ಇದ್ದಲ್ಲಿಯೇ ಇಡಬೇಕು, ಎಲ್ಲರಿಗೂ ತೋರಿಸಬೇಕು ಎಂಬ ಈ ಮೂರು ಅಭಿಪ್ರಾಯಗಳೂ ತಪ್ಪೆಂದು ನನಗೆ ತೋರಿತು. ಸರಿಯಾದುದು ಯಾವುದೆಂದು ತಿಳಿಯಲು ಕೆಲವು ತಿಂಗಳು ಓದಬೇಕಾಯಿತು. ಆ ಓದಿನ ಫಲವೇ ಈ ಲೇಖನ.

ಓದಿಗೆ ಪ್ರೇರಣೆ ಮಾತ್ರ ಕಪಾಟಿನದಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಮೇಲು.

1980ರ ದಶಕದಲ್ಲಿ ನಾನು ಬೇರೊಂದು ಶಾಲೆಯಲ್ಲಿ ತರಗತಿ ಅಧ್ಯಾಪಕನಾಗಿದ್ದೆ. ನನ್ನ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಕಾಪಿ ಪುಸ್ತಕದೊಳಗೆ ಮಡಚಿದ ಹಾಳೆಯೊಂದನ್ನಿಟ್ಟು ಮೇಜಿನ ಮೇಲೆ ಬಿಟ್ಟು ಹೋದಳು. ಶಾಲೆಗೆ ಹತ್ತಿರವೆಂಬ ಕಾರಣಕ್ಕೆ ಅವಳು ವಾಸವಿದ್ದ ಬಂಧುಗಳ ಮನೆಯಲ್ಲಿ ಅವಳಿಗೆ ಆಗುತ್ತಿದ್ದುದನ್ನು ಐದಾರು ಸಾಲುಗಳಲ್ಲಿ ಬರೆದಿದ್ದಳು. ನಾನು ಅವಳ ತಾಯಿಯನ್ನು ಕರೆಸಿ, ಮಗುವನ್ನು ಕೂಡಲೇ ಮನೆಗೆ ಕರೆದುಕೊಂಡು ಹೋಗಿ ಎಂದೆ. ಅವರು ಕರೆದುಕೊಂಡು ಹೋದರು, ವರ್ಷಾಂತ್ಯಕ್ಕೆ ಟಿ.ಸಿ. ಪಡೆದರು. ಮುಖ್ಯೋಪಾಧ್ಯಾಯರಿಗೂ ತಿಳಿಸದೆ, ಹುಡುಗಿಯ ಹೆಸರು ಕೆಡಬಾರದೆಂಬ ಭಾವನೆಯಿಂದ ಆ ಹಾಳೆಯನ್ನು ಅಂದೇ ಸಂಜೆ ನಮ್ಮ ಮನೆಯ ಬಚ್ಚಲೊಲೆಗೆ ಹಾಕಿದೆ. ದೊಡ್ಡದೊಂದು ಉಪಕಾರ ಮಾಡಿದೆನೆಂದೇ ಬಹುಕಾಲ ನಂಬಿದ್ದೆ.

ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಆಕೆ ನನ್ನ ಮನೆಯ ಜಗಲಿಯಲ್ಲಿ ಕುಳಿತು ಕೇಳಿದ ಪ್ರಶ್ನೆ ಒಂದೇ: "ಮಾಷ್ಟ್ರೇ, ನಾನಾಗ ಬರೆದುಕೊಟ್ಟ ಕಾಗದ ಉಂಟಾ?" ಇಲ್ಲವೆಂದೆ. ಪೋಲೀಸು ಕೋರ್ಟು ಎಂದು ಹೋಗುವ ಉದ್ದೇಶ ಆಕೆಗಿರಲಿಲ್ಲ. ಆ ಬಂಧುವೂ ತೀರಿಹೋಗಿದ್ದ. ಆದರೆ ಆಕೆಯ ಮನೆಯವರು, "ಇದೆಲ್ಲ ನೀನು ಈಗ ಹುಟ್ಟಿಸಿದ ಕತೆ, ಆಗ ಯಾಕೆ ಹೇಳಲಿಲ್ಲ?" ಎಂದು ಕೇಳುತ್ತಿದ್ದರಂತೆ. "ನಾನು ಆಗಲೇ ಹೇಳಿದ್ದೆ ಅಂತ ತೋರಿಸಲಿಕ್ಕೆ ಬೇಕಿತ್ತು, ಅಷ್ಟೇ ಮಾಷ್ಟ್ರೇ," ಎಂದಳು. ಆಕೆಯ ಅನುಮತಿ ಪಡೆದೇ ಇಷ್ಟನ್ನು ಬರೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ.

ಇನ್ನು ವಿಷಯಕ್ಕೆ ಬರೋಣ.

ಮಕ್ಕಳ ರಕ್ಷಣೆಯ ದಾಖಲೆ ಎಂದರೆ ದಾಖಲಾತಿ ಪುಸ್ತಕವಲ್ಲ, ಹಾಜರಿಯಲ್ಲ, ಅಂಕಪಟ್ಟಿಯೂ ಅಲ್ಲ. ಒಂದು ಮಗುವಿಗೆ ಹಾನಿಯಾಗಿದೆ ಅಥವಾ ಆಗಬಹುದೆಂಬ ಸಂಶಯ ಶಾಲೆಯಲ್ಲಿ ಯಾರಿಗಾದರೂ ಉಂಟಾದಾಗ ಬರೆದಿಡುವ ಟಿಪ್ಪಣಿ, ಮಗು ಹೇಳಿದ ಮಾತು, ಹೆತ್ತವರ ಪತ್ರ, ಕೌನ್ಸೆಲರರ ವರದಿ, ಪೋಲೀಸರಿಗಾಗಲೀ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗಾಗಲೀ 1098 ಸಹಾಯವಾಣಿಗಾಗಲೀ ತಿಳಿಸಿದ ವಿವರ, ಅಧ್ಯಾಪಕರ ಅಥವಾ ಸಿಬ್ಬಂದಿಯ ಮೇಲೆ ಬಂದ ದೂರು, ಅದರ ವಿಚಾರಣೆಯ ಫಲಿತಾಂಶ ಇವೆಲ್ಲ ಅದರಲ್ಲಿ ಸೇರುತ್ತವೆ. ನಮ್ಮ ಕಾಲದಲ್ಲಿ ಇಂಥದೊಂದು ವಿಭಾಗವೇ ಇರಲಿಲ್ಲ. ಬೆತ್ತ ಮೇಜಿನ ಮೇಲೆಯೇ ಇರುತ್ತಿದ್ದ ಕಾಲವದು. ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ದೈಹಿಕ ಶಿಕ್ಷೆಯೂ ಮಾನಸಿಕ ಹಿಂಸೆಯೂ ಅದರ 17ನೆಯ ವಿಧಿಯ ಪ್ರಕಾರ ನಿಷಿದ್ಧವಾದವು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ಅಂದರೆ ಎಲ್ಲರೂ ಪೋಕ್ಸೋ ಎಂದು ಕರೆಯುವ ಕಾನೂನು, 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ, ಜಾರಿಗೆ ಬಂತು.

ಪೋಕ್ಸೋ ಕಾಯ್ದೆಯ 19ನೆಯ ವಿಧಿಯಂತೆ ಅಪರಾಧ ನಡೆದಿದೆಯೆಂದು ತಿಳಿದವನು ಮಾತ್ರವಲ್ಲ, ನಡೆಯಬಹುದೆಂದು ಶಂಕಿಸುವವನೂ ಪೋಲೀಸರಿಗೆ ತಿಳಿಸಲೇಬೇಕು. ತಿಳಿಸದವನಿಗೆ ಆರು ತಿಂಗಳವರೆಗೆ ಸಜೆ ಅಥವಾ ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥನು ತನ್ನ ಕೈಕೆಳಗಿನವರು ಮಾಡಿದ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ ಸಜೆ ಮತ್ತು ದಂಡ. 2022ರ ನವೆಂಬರದಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಶಾಲಾ ವಿದ್ಯಾರ್ಥಿನಿಲಯವೊಂದರ ಪ್ರಕರಣದಲ್ಲಿ, ಗೊತ್ತಿದ್ದೂ ತಿಳಿಸದಿರುವುದು ಗಂಭೀರವಾದ ಅಪರಾಧವೆಂದು ಹೇಳಿದೆ. 2020ರ ಪೋಕ್ಸೋ ನಿಯಮಗಳು ಶಾಲೆಗಳ ಸಿಬ್ಬಂದಿಯ ಪೋಲೀಸ್ ಪರಿಶೀಲನೆಯನ್ನೂ, ಸಂಸ್ಥೆಗಳಲ್ಲಿ ಮಕ್ಕಳ ರಕ್ಷಣಾ ನೀತಿ ಇರಬೇಕೆಂಬುದನ್ನೂ ವಿಧಿಸಿವೆ. ಇಷ್ಟೆಲ್ಲ ಇದ್ದರೂ ಶಾಲೆಯು ತನ್ನಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ಎಷ್ಟು ವರ್ಷ ಇಡಬೇಕೆಂಬ ಮಾತು ಪೋಕ್ಸೋ ಕಾಯ್ದೆಯಲ್ಲಿಲ್ಲ. ವಿವೇಕವನ್ನು ನಾವೇ ಬಳಸಬೇಕಾಗಿದೆ.

ಬೇಗ ಸುಡಬಾರದೇಕೆ ಎಂಬುದಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರ ನನಗೆ ದೊರೆತದ್ದು ಆಸ್ಟ್ರೇಲಿಯದಿಂದ. ಶಾಲೆ, ಅನಾಥಾಲಯ, ಇಗರ್ಜಿ ಮುಂತಾದ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳನ್ನು ಪರಿಶೀಲಿಸಲು ಅಲ್ಲಿ 2013ರಿಂದ 2017ರ ವರೆಗೆ ರಾಯಲ್ ಆಯೋಗವೊಂದು ಕೆಲಸ ಮಾಡಿತು. 8000ಕ್ಕೂ ಹೆಚ್ಚು ಮಂದಿ ಮುಚ್ಚಿದ ಕೋಣೆಯಲ್ಲಿ ಆಯೋಗದ ಮುಂದೆ ತಮ್ಮ ಕತೆ ಹೇಳಿಕೊಂಡರು. ಹೀಗೆ ಹೇಳಿಕೊಂಡವರು ತಮಗಾದುದನ್ನು ಮೊತ್ತಮೊದಲು ಯಾರಿಗಾದರೂ ಹೇಳಲು ತೆಗೆದುಕೊಂಡ ಕಾಲ ಸರಾಸರಿ 23.9 ವರ್ಷ! ಹತ್ತು ವರ್ಷದ ಮಗುವೊಂದು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಬಾಯಿ ಬಿಡುತ್ತದೆ ಎಂದಾಯಿತು. ಅಷ್ಟು ಹೊತ್ತಿಗೆ ಶಾಲೆಯಲ್ಲಿ ಕಾಗದಗಳಿರುವುದಿಲ್ಲ. ಇದ್ದರೂ ಸಿಗುವುದಿಲ್ಲ. ಆದಕಾರಣ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಸಂಬಂಧಿಸಿದ ದಾಖಲೆಗಳನ್ನು ಸಂಸ್ಥೆಗಳು ಕನಿಷ್ಠ 45 ವರ್ಷ ಇಡಬೇಕೆಂದು ಆಯೋಗ ಶಿಫಾರಸು ಮಾಡಿತು. ಸರಾಸರಿಗಿಂತ ತಡವಾಗಿ ಹೇಳುವವರಿಗೂ ಅವಕಾಶವಿರಲೆಂಬುದು ಇದರ ತಾತ್ಪರ್ಯ.

ಬ್ರಿಟನ್ನಿನ ಶಾಲೆಗಳಲ್ಲಿ ಇಂತಹ ಕಡತವನ್ನು ಮಗುವಿಗೆ 25 ವರ್ಷ ತುಂಬುವ ತನಕ ಇಡುವುದು ವಾಡಿಕೆ. ಆದರೆ ಅಲ್ಲಿಯ ಸ್ವತಂತ್ರ ವಿಚಾರಣಾ ಸಮಿತಿ ಹಲವು ವರ್ಷ ಕೆಲಸ ಮಾಡಿ 2022ರ ಅಕ್ಟೋಬರದಲ್ಲಿ ಅಂತಿಮ ವರದಿ ಕೊಟ್ಟಾಗ ಲೈಂಗಿಕ ದೌರ್ಜನ್ಯದ ದಾಖಲೆಗಳಿಗೆ 75 ವರ್ಷವೆಂದು ಶಿಫಾರಸು ಮಾಡಿತು. ನಡುನಡುವೆ ಪುನರ್ವಿಮರ್ಶೆ ನಡೆಸಬೇಕೆಂದೂ ಹೇಳಿತು. 25ನೆಯ ವಯಸ್ಸಿಗೂ 75 ವರ್ಷಕ್ಕೂ ನಡುವೆ ಇರುವ ಅಂತರವನ್ನು ನೋಡಿದರೆ, ಇದು ಅನುಭವ ಹೆಚ್ಚಿದಂತೆ ಅವಧಿಯೂ ಹೆಚ್ಚುತ್ತ ಬಂದ ವಿಷಯವೆಂಬುದು ತಿಳಿಯುತ್ತದೆ.

ಅವರ ಲೆಕ್ಕ ನಮಗೇಕೆ ಎಂದು ಕೇಳುವವರಿರಬಹುದು. ನಮ್ಮ ಕಾನೂನನ್ನೇ ನೋಡೋಣ. ಮೂರು ವರ್ಷಕ್ಕಿಂತ ಹೆಚ್ಚು ಸಜೆಯಿರುವ ಅಪರಾಧಗಳಿಗೆ ನಮ್ಮ ದಂಡ ಪ್ರಕ್ರಿಯೆಯಲ್ಲಿ ಕಾಲಮಿತಿ ಇಲ್ಲ. 2018ರಲ್ಲಿ ಕೇಂದ್ರ ಕಾನೂನು ಸಚಿವಾಲಯವೂ ಪೋಕ್ಸೋ ಕಾಯ್ದೆಯಡಿ ದೂರು ಕೊಡಲು ಕಾಲಮಿತಿ ಹೇಳಿಲ್ಲವೆಂದು ಸ್ಪಷ್ಟಪಡಿಸಿತು. ಬಾಲ್ಯದಲ್ಲಾದುದನ್ನು ದೊಡ್ಡವರಾದ ಮೇಲೆ ಬಂದು ಹೇಳಬಹುದು ಎಂದಾಯಿತು. ದೂರಿಗೆ ಬಾಗಿಲು ತೆರೆದಿಟ್ಟು ಸಾಕ್ಷ್ಯವನ್ನು ಹತ್ತು ವರ್ಷಕ್ಕೇ ಸುಟ್ಟುಬಿಟ್ಟರೆ ಆ ಬಾಗಿಲಿನಿಂದ ಬಂದವರು ಎಲ್ಲಿಗೆ ಹೋಗಬೇಕು?

ಇಲ್ಲಿ ಅಧ್ಯಾಪಕರು ತಿಳಿದಿರಬೇಕಾದ ಸಂಗತಿಯೊಂದಿದೆ. ಸಾಕ್ಷಿ ಹೇಳುವವನು ಘಟನೆಯ ಹೊತ್ತಿನಲ್ಲಿ ಅಥವಾ ಅದು ನೆನಪಿನಲ್ಲಿ ಹಸಿಯಾಗಿದ್ದಾಗಲೇ ತಾನು ಬರೆದಿಟ್ಟ ಟಿಪ್ಪಣಿಯನ್ನು ನೋಡಿ ನೆನಪು ಮಾಡಿಕೊಳ್ಳಲು 1872ರ ಸಾಕ್ಷ್ಯ ಕಾಯ್ದೆ ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ಅವಕಾಶವನ್ನು ಉಳಿಸಿಕೊಂಡಿದೆ. ಅಂದು ಬರೆದ ನಾಲ್ಕು ಸಾಲು ಇಪ್ಪತ್ತು ವರ್ಷದ ಮೇಲೆ ಅಧ್ಯಾಪಕನ ಬಾಯಿಗೆ ಬಲ ಕೊಡುತ್ತದೆ. ಟಿಪ್ಪಣಿಯಿಲ್ಲದ ಅಧ್ಯಾಪಕ ಕಟಕಟೆಯಲ್ಲಿ ನಿಂತು, "ನೆನಪಿಲ್ಲ ಸ್ವಾಮೀ," ಎನ್ನಬೇಕಾಗುತ್ತದೆ. ಸುಳ್ಳು ದೂರು ಬಂದಾಗ ನಿರಪರಾಧಿಯಾದ ಅಧ್ಯಾಪಕನನ್ನು ಕಾಯುವುದೂ ಅಂತಹ ಟಿಪ್ಪಣಿಯೇ. ಇದನ್ನು ನಮ್ಮ ಅಧ್ಯಾಪಕ ಸಂಘಗಳು ಸಾಕಷ್ಟು ಗಮನಿಸಿಲ್ಲವೆಂದು ನನಗನಿಸುತ್ತದೆ. ದಾಖಲೆಯೆಂದರೆ ತಮ್ಮ ಕೊರಳಿಗೆ ಉರುಳೆಂದೇ ಹಲವರು ಹೆದರುತ್ತಾರೆ.

ತಡವಾಗಿ ತಲೆಯೆತ್ತುವ ಹಾನಿ ಎಂದರೆ ಏನೆಂಬುದನ್ನು ಕಾಸರಗೋಡಿನವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ದವರೆಗೆ, ಸುಮಾರು ಎರಡು ದಶಕ. ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯ ಆಜ್ಞಾಪಿಸಿದ್ದು 2017ರ ಜನವರಿಯಲ್ಲಿ. ಆ ನಡುವಿನ ವರ್ಷಗಳಲ್ಲಿ ಹಳೆಯ ವಿದ್ಯಾರ್ಥಿಗಳು ಕೆಲವರು, ತಾವು ಬಾಲ್ಯದಲ್ಲಿ ಇದೇ ಊರಲ್ಲಿದ್ದೆವೆಂದು ತೋರಿಸುವ ಸಲುವಾಗಿ ಹಾಜರಿ ಪುಸ್ತಕದ ನಕಲು ಕೇಳಿಕೊಂಡು ನನ್ನಲ್ಲಿಗೆ ಬಂದದ್ದುಂಟು. ಅಸೌಖ್ಯದ ಗೈರುಹಾಜರಿಯನ್ನು ಕೆಂಪು ಶಾಯಿಯಲ್ಲಿ ಗುರುತಿಸುವುದು ನಮ್ಮ ಹಿಂದಿನ ಅಧ್ಯಾಪಕರೊಬ್ಬರ ಪದ್ಧತಿ. ಅದರ ಬೆಲೆ ಏನೆಂದು ಅವರು ಬದುಕಿದ್ದಾಗ ಯಾರಿಗೂ ಗೊತ್ತಿರಲಿಲ್ಲ.

ಹಾಗಾದರೆ ಎಲ್ಲವನ್ನೂ ಶಾಶ್ವತವಾಗಿ ಇಟ್ಟುಬಿಡೋಣವೇ? ಅದೂ ಸಲ್ಲದು. ಬಚ್ಚಲೊಲೆಯ ಸಂಗತಿಯ ಬಳಿಕ ನನ್ನ ಮನಸ್ಸು ಒಮ್ಮೆ ಆ ಕಡೆಗೇ ವಾಲಿತ್ತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನಮ್ಮಂತಹ ಚಿಕ್ಕ ಊರಿನಲ್ಲಿ ಶಾಲೆಯ ಕಪಾಟಿನಲ್ಲಿರುವ ಕಾಗದಕ್ಕೆ ಕಾಲು ಬರುವುದು ಬಲುಬೇಗ. ಅಧ್ಯಾಪಕರೂ ಜವಾನರೂ ಊರಿನವರೇ, ಸಮಿತಿಯ ಸದಸ್ಯರೂ ನೆಂಟರಿಷ್ಟರೇ. ಮದುವೆ ಮಾತುಕತೆಯ ಕಾಲದಲ್ಲಿ ಹಳೆಯದೊಂದು ಕಡತದ ಮಾತು ಹೊರಬಿದ್ದರೆ ಆಗುವ ಅನಾಹುತವನ್ನು ಊಹಿಸಿಕೊಳ್ಳಿ. ಮಗುವನ್ನು ರಕ್ಷಿಸಲೆಂದು ಬರೆದದ್ದು ಅದೇ ಮಗುವಿನ ಕಳಂಕವಾಗಿ ಪರಿಣಮಿಸುತ್ತದೆ.

ತಪ್ಪು ಮಾಡಿದ ಮಗುವಿನ ವಿಷಯದಲ್ಲಿ ನಮ್ಮ ಕಾನೂನು ಇನ್ನೂ ಕೋಮಲವಾಗಿದೆ. ಬಾಲನ್ಯಾಯ ಕಾಯ್ದೆ, 2015ರ 24ನೆಯ ವಿಧಿಯಂತೆ ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗುವಿಗೆ ಆ ಕಾರಣದಿಂದ ಮುಂದೆ ಯಾವ ಅನರ್ಹತೆಯೂ ತಗಲಬಾರದು. 2016ರ ಮಾದರಿ ನಿಯಮಗಳಲ್ಲಿ ಆ ದಾಖಲೆಗಳನ್ನು ಅಪೀಲಿನ ಅವಧಿಯ ತನಕ ಅಥವಾ ಏಳು ವರ್ಷ ಇಟ್ಟು, ಅನಂತರ ನಾಶಪಡಿಸಬೇಕೆಂದಿದೆ. ಹದಿನಾರು ದಾಟಿದವರು ಎಸಗಿದ ಕೆಲವು ಘೋರ ಅಪರಾಧಗಳಿಗೆ ಮಾತ್ರ ವಿನಾಯಿತಿ. ಇದು ನ್ಯಾಯಮಂಡಳಿಯ ಕಡತಗಳ ಮಾತಾದರೂ ಶಾಲೆಗೆ ಇದರಲ್ಲಿ ಪಾಠವಿದೆ. ಏಳನೆಯ ತರಗತಿಯಲ್ಲಿ ಕದ್ದ ಹುಡುಗನನ್ನು ಐವತ್ತನೆಯ ವಯಸ್ಸಿನಲ್ಲಿಯೂ ಕಳ್ಳನೆಂದು ತೋರಿಸುವ ಪುಸ್ತಕವನ್ನು ಇಡುವುದಕ್ಕೆ ನಮಗೆ ಅಧಿಕಾರವಿಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ಉದ್ದೇಶ ತೀರಿದ ಮೇಲೆ, ಬೇರೆ ಕಾನೂನಿನ ಅಗತ್ಯವಿಲ್ಲದಿದ್ದರೆ, ವಿವರಗಳನ್ನು ಅಳಿಸಬೇಕೆಂದು ಹೇಳುತ್ತದೆ. ಕಂಪ್ಯೂಟರಿನಲ್ಲಿ ಏರಿಸಿದ ಕಡತಗಳಿಗೆ ಇದು ಅನ್ವಯಿಸುವ ಮಾತು. ಅದರ ನಿಯಮಗಳು 2025ರ ನವೆಂಬರದಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲ್ಪಟ್ಟಿವೆ.

ಈ ಎರಡು ತುದಿಗಳ ನಡುವೆ ನನಗೆ ದಾರಿ ತೋರಿಸಿದ್ದು ಕೆನಡಾದ ಒಂದು ತೀರ್ಪು. ಅಲ್ಲಿಯ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದಲೂ ಭಾಷೆಯಿಂದಲೂ ಬೇರ್ಪಡಿಸಿ ವಸತಿ ಶಾಲೆಗಳಲ್ಲಿಟ್ಟ ಕತೆ ಬಹಳ ದೊಡ್ಡದು. ತಾಯ್ನುಡಿಯಲ್ಲಿ ಕಲಿಯುವ ಹಕ್ಕಿಗಾಗಿ ನಿವೇದನೆ ಬರೆದು ಬರೆದು ಕೈ ಸವೆದ ಗಡಿನಾಡಿನ ನಮಗೆ ಅದು ಓದಲೇಬೇಕಾದ ಕತೆ. ಆ ಶಾಲೆಗಳಲ್ಲಿ ದೌರ್ಜನ್ಯಕ್ಕೊಳಗಾದವರು ಪರಿಹಾರಕ್ಕಾಗಿ ಗೋಪ್ಯವಾಗಿ ಕೊಟ್ಟ ಹೇಳಿಕೆಗಳನ್ನು ಏನು ಮಾಡುವುದೆಂಬ ವಿವಾದ ಸುಪ್ರೀಂ ಕೋರ್ಟಿನ ತನಕ ಹೋಯಿತು. ಇತಿಹಾಸಕ್ಕಾಗಿ ಇಡಬೇಕೆಂದು ಸರಕಾರದ ವಾದ. ನಮ್ಮ ಗುಟ್ಟು ನಮ್ಮದೆಂದು ಅನೇಕರ ಮೊರೆ. 2017ರ ಅಕ್ಟೋಬರದಲ್ಲಿ ನ್ಯಾಯಾಲಯ ಹೇಳಿದ್ದಿಷ್ಟು: 15 ವರ್ಷ ಇಡಿ; ಅಷ್ಟರೊಳಗೆ ತನ್ನ ಹೇಳಿಕೆ ಉಳಿಯಲೆಂದು ಬಯಸುವವನದು ಉಳಿಯಲಿ; ಉಳಿದವು ನಾಶವಾಗಲಿ. ದಾಖಲೆಯ ಒಡೆಯನಾರೆಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಬೇರೆಲ್ಲಿಯೂ ಓದಿಲ್ಲ. ಕಾಗದ ಶಾಲೆಯದಲ್ಲ, ಇಲಾಖೆಯದೂ ಅಲ್ಲ. ಅದರಲ್ಲಿ ಯಾರ ಮಾತಿದೆಯೋ ಅವರದು. ಸುಟ್ಟದ್ದಕ್ಕಿಂತಲೂ ಅವಳನ್ನು ಕೇಳದೆ ಸುಟ್ಟದ್ದೇ ನನ್ನ ದೊಡ್ಡ ಅಪರಾಧವೆಂದು ಅದನ್ನೋದಿದ ಮೇಲೆ ತಿಳಿಯಿತು.

ಇಷ್ಟು ತಿಳಿದುಕೊಂಡ ಮೇಲೆ ನಮ್ಮ ಶಾಲೆಯ ಆಡಳಿತ ಸಮಿತಿಗೂ ಅಧ್ಯಾಪಕ-ರಕ್ಷಕ ಸಂಘಕ್ಕೂ ನಾನು ಬರೆದುಕೊಟ್ಟ ಸಲಹೆಯ ಸಾರ ಹೀಗಿದೆ. ಇದು ಕಾನೂನಲ್ಲ, ಮುದುಕನೊಬ್ಬನ ಅಭಿಪ್ರಾಯ. ಹಸಿವು, ಪದೇ ಪದೇ ಗೈರುಹಾಜರಿ, ಮನೆಯ ಜಗಳ ಮುಂತಾದ ಸಣ್ಣ ಆತಂಕಗಳ ಟಿಪ್ಪಣಿ ಮಗುವಿಗೆ 25 ತುಂಬುವ ತನಕ ಇರಲಿ. ಪೋಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ಹೋದ, ಹೋಗಬೇಕಾಗಿದ್ದ ಪ್ರತಿಯೊಂದು ಸಂಗತಿಯೂ, ಸಿಬ್ಬಂದಿಯ ಮೇಲೆ ಬಂದ ದೂರು ನಿಜವೆಂದೋ ಸುಳ್ಳೆಂದೋ ತೀರ್ಮಾನವಾದುದೂ, ಆ ತೀರ್ಮಾನದೊಡನೆ 45 ವರ್ಷ ಇರಲಿ. ಮಗುವೇ ಮಾಡಿದ ತಪ್ಪುಗಳ ಬರಹ ಶಾಲೆ ಬಿಡುವಾಗಲೇ ಮುಗಿಯಲಿ. ಬಹಳವೆಂದರೆ ಏಳು ವರ್ಷ. ಹದಿನೆಂಟು ದಾಟಿದ ಹಳೆಯ ವಿದ್ಯಾರ್ಥಿ ಬಂದು ತನ್ನ ಕಡತ ಕೇಳಿದರೆ ನೋಡುವ, ನಕಲು ಪಡೆಯುವ ಅವಕಾಶವಿರಲಿ. ಈ ವರ್ಷ ಹತ್ತರ ಪ್ರಾಯದಲ್ಲಿರುವ ಮಗುವಿನ ಕಡತವನ್ನು ಹೀಗೆ ಇಟ್ಟರೆ ಅದು 2070ರ ದಶಕದ ತನಕ ಇರಬೇಕಾಗುತ್ತದೆ. ಆಗ ಈ ಲೇಖಕನಿರುವುದಿಲ್ಲ; ಈ ಕಪಾಟೂ ಬಹುಶಃ ಇರುವುದಿಲ್ಲ. ಆದುದರಿಂದ ಅವಧಿಗಿಂತಲೂ ಇಡುವ ಕ್ರಮ ಮುಖ್ಯವಾಗುತ್ತದೆ.

ಅದಕ್ಕೆ ಬೇರೆ ಪುಸ್ತಕವಿರಬೇಕು. ಪುಟಗಳಿಗೆ ಮೊದಲೇ ಅಂಕಿ ಹಾಕಿ ಹೊಲಿದ ಪುಸ್ತಕ, ಬಿಡಿ ಹಾಳೆಯಲ್ಲ. ಬರೆದದ್ದನ್ನು ಅಳಿಸಬಾರದು, ತಪ್ಪಿದರೆ ಒಂದು ಗೆರೆ ಎಳೆದು ಸಹಿ ಹಾಕಬೇಕು. ನೋಡಿದ್ದನ್ನೂ ಕೇಳಿದ್ದನ್ನೂ ಬರೆಯಬೇಕೇ ಹೊರತು ತನ್ನ ಊಹೆಯನ್ನಲ್ಲ. 'ಹುಡುಗಿ ಚಂಚಲೆ' ಎಂಬ ಎರಡು ಶಬ್ದ ಬರೆದವನಿಗೆ ಎರಡು ನಿಮಿಷದ ಕೆಲಸ, ಓದಿಸಿಕೊಳ್ಳುವವಳಿಗೆ ಜನ್ಮದ ನೋವು. ಟಿ.ಸಿ.ಯಲ್ಲಿಯೂ ನಡತೆಯ ಪ್ರಮಾಣಪತ್ರದಲ್ಲಿಯೂ ಇದರ ಸುಳಿವು ಬರಕೂಡದು. ಮಗು ಬೇರೆ ಶಾಲೆಗೆ ಹೋದಾಗ ಅಲ್ಲಿಯವರು ತಿಳಿಯಲೇಬೇಕಾದುದಿದ್ದರೆ ಮುಖ್ಯೋಪಾಧ್ಯಾಯರ ಕೈಗೇ ಮೊಹರು ಮಾಡಿದ ಲಕೋಟೆ. ದಾಖಲಾತಿಗೂ ಟಿ.ಸಿ.ಗೂ ಬಳಸುವ 'ಸಂಪೂರ್ಣ'ದಂತಹ ಕಂಪ್ಯೂಟರ್ ವ್ಯವಸ್ಥೆಗೆ ಇದನ್ನು ಬೆರೆಸುವುದು ಬೇಡ. ಹತ್ತು ಮಂದಿ ತೆರೆಯುವ ಪೆಟ್ಟಿಗೆಯಲ್ಲಿ ಗುಟ್ಟು ಉಳಿಯದು.

ಮುಖ್ಯೋಪಾಧ್ಯಾಯರು ಬದಲಾಗುವಾಗ ಚಾರ್ಜು ಪಟ್ಟಿಯಲ್ಲಿ ಬೆಂಚು, ಡೆಸ್ಕು, ಗೋಳ, ಭೂಪಟಗಳೆಲ್ಲ ಎಣಿಕೆಯಾಗುತ್ತವೆ. ಈ ಪುಸ್ತಕವೂ ಆ ಪಟ್ಟಿಯ ಒಂದು ಬಾಬಾಗಬೇಕು. ನಾನು ನಿವೃತ್ತನಾದ ದಿನ ಅಕ್ಕಿಯ ಗೋಣಿಚೀಲಗಳನ್ನು ಸಹ ಎಣಿಸಿ ಒಪ್ಪಿಸಿದ್ದೆ. ಮಕ್ಕಳು ನನ್ನಲ್ಲಿ ಹೇಳಿಕೊಂಡ ಯಾವ ಮಾತನ್ನೂ ಒಪ್ಪಿಸಲಿಲ್ಲ. ಅವೆಲ್ಲ ನನ್ನ ತಲೆಯಲ್ಲಿ ಮನೆಗೆ ಬಂದವು.

ಅವಧಿ ತೀರಿದುದನ್ನು ನಾಶಮಾಡುವಾಗಲೂ ಕ್ರಮವಿರಲಿ. ಇಬ್ಬರ ಎದುರಿನಲ್ಲಿ ಸುಟ್ಟು, ಕ್ರಮಸಂಖ್ಯೆಯನ್ನೂ ತಾರೀಕನ್ನೂ ಮಾತ್ರ ಗುರುತಿಸಿ ಸಹಿ ಹಾಕಬೇಕು. ಹೆಸರು ಬೇಡ. ಗುಜರಿಯವನಿಗೆ ತೂಕಕ್ಕೆ ಹಾಕಿದ ಕಾಗದದಲ್ಲಿ ಕಡಲೆ ಕಟ್ಟಿ ಬಂದದ್ದನ್ನು ನಾನು ಕಂಡಿದ್ದೇನೆ. ಅದು ಅಂಕಪಟ್ಟಿಯಾಗಿತ್ತೆಂಬುದು ಪುಣ್ಯ.

ಇನ್ನು ನಮಗೆ ಮಾತ್ರ ಇರುವ ಒಂದು ತೊಡಕು, ಭಾಷೆಯದು. ನಮ್ಮ ಶಾಲೆಯ ಮಗು ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಟಿ, ಬ್ಯಾರಿ, ಮಲೆಯಾಳ ಇವುಗಳಲ್ಲಿ ಒಂದನ್ನು ಆಡುತ್ತದೆ. ಶಾಲೆಯಲ್ಲಿ ಕನ್ನಡ ಓದುತ್ತದೆ. ಠಾಣೆಯಲ್ಲಿ ಬರೆಯುವವರು ಮಲೆಯಾಳದಲ್ಲಿ ಬರೆಯುತ್ತಾರೆ. ಮಗುವಿಗೆ ತಿಳಿಯದ ಭಾಷೆಯಲ್ಲಿ ಹೇಳಿಕೆ ಬರೆದರೆ ಭಾಷಾಂತರಕಾರನನ್ನು ಒದಗಿಸಬೇಕೆಂದು ಪೋಕ್ಸೋ 19ನೆಯ ವಿಧಿಯಲ್ಲಿಯೇ ಇದೆ. ಮಗು ಆಡಿದ ಹಾಗೆಯೇ ಹೇಳಿಕೆಯನ್ನು ಬರೆಯಬೇಕೆಂದು 26ನೆಯ ವಿಧಿ, ಸಾಕ್ಷ್ಯದ ಹೊತ್ತಿಗೂ ಭಾಷಾಂತರಕಾರನ ನೆರವೆಂದು 38ನೆಯ ವಿಧಿ ಹೇಳುತ್ತವೆ. ಇದನ್ನು ಕೇಳಿ ಪಡೆಯುವವರು ಎಷ್ಟು ಮಂದಿ? ಮಗು ತುಳುವಿನಲ್ಲಿ ಹೇಳಿದ ಮಾತನ್ನು ಅಧ್ಯಾಪಕನು ತುಳುವಿನಲ್ಲಿಯೇ ಕನ್ನಡ ಲಿಪಿಯಿಂದ ಬರೆದು, ಕೆಳಗೆ ಅರ್ಥವನ್ನು ಕನ್ನಡದಲ್ಲಿ ಬರೆದಿಟ್ಟರೆ ನಲವತ್ತು ವರ್ಷ ಕಳೆದರೂ ಅದು ಆ ಮಗುವಿನ ಮಾತಾಗಿಯೇ ಉಳಿಯುತ್ತದೆ. ಮೂರು ಭಾಷೆಗಳಲ್ಲಿ ಸೋಸಿ ಬಂದ ಮಾತಿನಲ್ಲಿ ಮಗು ಇರುವುದಿಲ್ಲ, ಗುಮಾಸ್ತನಿರುತ್ತಾನೆ.

ಇದರ ಬೆನ್ನಿಗೆ ಮತ್ತೊಂದು ಚಿಂತೆ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವುದು ಓದುಗರಿಗೆ ಗೊತ್ತಿದ್ದ ನೋವೇ. ನಾಳೆ ಒಂದು ಶಾಲೆ ಮುಚ್ಚಿದರೆ ದಾಖಲಾತಿ ಪುಸ್ತಕಗಳನ್ನು ಯಾರಾದರೂ ಕೇಳಿಯಾರು. ಈ ಲಕೋಟೆಗಳನ್ನು ಕೇಳುವವರಿಲ್ಲ. ಕನ್ನಡ ಓದಬಲ್ಲವರಿಲ್ಲದ ಕೋಣೆಗೆ ಅವು ಹೋದರೆ ಸುಟ್ಟಂತೆಯೇ. ಸಮೀಪದ ಕನ್ನಡ ಶಾಲೆಗೆ, ಅದೂ ಇಲ್ಲದಿದ್ದರೆ ಜಿಲ್ಲಾ ಮಕ್ಕಳ ಸಂರಕ್ಷಣಾ ಘಟಕಕ್ಕೆ, ಕನ್ನಡದಲ್ಲಿ ಮತ್ತು ಮಲೆಯಾಳದಲ್ಲಿ ಬರೆದ ಪಟ್ಟಿಯೊಡನೆ ಒಪ್ಪಿಸಿ ರಶೀದಿ ಪಡೆಯಬೇಕೆಂದು ಈಗಲೇ ನಿರ್ಣಯ ಮಾಡಿಟ್ಟುಕೊಳ್ಳುವುದು ಲೇಸು.

ಆ ದಿನ ಜಗಲಿಯಲ್ಲಿ ಕುಳಿತಿದ್ದ ಆಕೆಗೆ ನಾನು ಮಾಡಬಹುದಾದುದು ಒಂದೇ ಇತ್ತು. ನೆನಪಿದ್ದಷ್ಟನ್ನು, ನೆನಪಿಲ್ಲದಲ್ಲಿ ನೆನಪಿಲ್ಲವೆಂದೇ, ಎರಡು ಪುಟ ಬರೆದೆ. ಕಾಗದವನ್ನು ಸುಟ್ಟವನು ನಾನೇ ಎಂದೂ ಬರೆದೆ. ಆ ದಿನದ ತಾರೀಕು ಹಾಕಿ ಸಹಿ ಮಾಡಿಕೊಟ್ಟೆ. ಅವಳು ಎರಡು ಸಲ ಓದಿ, "ಸಾಕು ಮಾಷ್ಟ್ರೇ," ಎಂದು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿಗೆ ಹೋದಳು.

ಕಪಾಟಿನ ಮೂರು ಕಾಗದಗಳಲ್ಲಿ ಮೊದಲನೆಯದರ ಹುಡುಗ ಈಗ ಐವತ್ತು ದಾಟಿದ ಗೃಹಸ್ಥರು. ಮಹೋತ್ಸವದ ಪೂರ್ವಭಾವಿ ಸಭೆಗೆ ಬಂದಿದ್ದಾಗ ಅವರನ್ನು ಬೇರೆಯಾಗಿ ಕರೆದು, ಹೀಗೊಂದು ಕಾಗದವಿದೆ, ಬೇಕೇ ಬೇಡವೇ ಎಂದಷ್ಟೇ ಕೇಳಿದೆ. ತಾಯಿಯ ಅಕ್ಷರವನ್ನು ಬಹಳ ಹೊತ್ತು ನೋಡಿ, ಮಡಚಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಉಳಿದ ಇಬ್ಬರ ಸುದ್ದಿ ಇನ್ನೂ ಸಿಕ್ಕಿಲ್ಲ. ಆ ಎರಡು ಕಾಗದಗಳನ್ನು ಬೇರೆ ಬೇರೆ ಲಕೋಟೆಗಳಲ್ಲಿ ಮೊಹರು ಮಾಡಿ, ಹೊರಗೆ 1, 2 ಎಂದು ಮಾತ್ರ ಬರೆದು ಹೊಸ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿಕೈ ಈಗಿನ ಮುಖ್ಯೋಪಾಧ್ಯಾಯಿನಿಯವರಲ್ಲಿಯೂ ಇನ್ನೊಂದರದು ಹಿರಿಯ ಅಧ್ಯಾಪಿಕೆಯವರಲ್ಲಿಯೂ ಇದೆ. ಚಾರ್ಜು ಪಟ್ಟಿಯ ಕೊನೆಯ ಬಾಬಾಗಿ ಅದನ್ನು ಬರೆಯಲಾಗಿದೆ.